ಹೊಳೆಯುವ ಪಟ್ಟಿ ಇಲ್ಲದ ಬೂಟು

ಪ್ರೀಮಾ ಹಿಮವನ್ನು ಒಮ್ಮೆಯೂ ಮುಟ್ಟಿದವಳಲ್ಲ. ಕಿನ್ನಿಗೋಳಿಯಲ್ಲಿ ಹುಟ್ಟಿ, ಮದುವೆಯಾದ ವರ್ಷವೇ ಕುವೈತಿಗೆ ಬಂದವಳಿಗೆ ಗೊತ್ತಿದ್ದದ್ದು ಊರಿನ ಸೆಕೆ ಮತ್ತು ಇಲ್ಲಿನ ಉರಿ. ಆದರೂ ಖೈತಾನ್ ಹತ್ತಿರದ ಒಂದು ಮಾಲ್‌ನ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಅವಳು ಹನ್ನೊಂದು ವರ್ಷಗಳಿಂದ ಚಳಿಗಾಲದ ಬೂಟು ಮಾರುತ್ತಿದ್ದಳು. ಸೆಪ್ಟೆಂಬರ್ ತಿಂಗಳಲ್ಲಿ, ಹೊರಗೆ ಕಾರಿನ ಬಾಗಿಲಿನ ಹಿಡಿ ಮುಟ್ಟಲಾಗದಷ್ಟು ಕಾದಿರುವಾಗಲೇ, ಅಂಗಡಿಯ ಹಿಂಭಾಗದಲ್ಲಿ ಹಿಮದ ವಿಭಾಗ ತೆರೆಯುತ್ತಿತ್ತು. ರಜೆಗೆ ಹಿಮ ನೋಡಲು ಹೊರಟ ಕುವೈತಿ ಕುಟುಂಬಗಳು ಬರುತ್ತಿದ್ದವು. ಇಲ್ಲಿನ ಕೆಲಸ ಬಿಟ್ಟು ಕೆನಡಾದಲ್ಲಿ ನೆಲೆಸಲು ಹೊರಟ ಮಂಗಳೂರಿನವರು, ಕೇರಳದವರು ಬರುತ್ತಿದ್ದರು.

ಅವರೆಲ್ಲ ಮೊದಲು ನೋಡುತ್ತಿದ್ದದ್ದು ಡಬ್ಬಿಯ ಮೇಲಿನ ಅಂಕಿಯನ್ನು. ಮೈನಸ್ ಮೂವತ್ತು, ಮೈನಸ್ ನಲವತ್ತು. ಪ್ರೀಮಾ ಡಬ್ಬಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಹೊರಗೆ ನೀವು ಹೆಚ್ಚು ನಡೆಯುತ್ತೀರೋ ನಿಲ್ಲುತ್ತೀರೋ ಎಂದು ಕೇಳುತ್ತಿದ್ದಳು. ನಡೆಯುವವನ ಕಾಲು ತಾನೇ ಬಿಸಿಯಾಗುತ್ತದೆ, ನಿಂತವನದ್ದು ಆಗುವುದಿಲ್ಲ. ಡಬ್ಬಿಯ ಅಂಕಿ ನಡೆಯುವವನ ಲೆಕ್ಕದ್ದು ಎಂದು ಹೇಳುತ್ತಿದ್ದಳು. ಬೂಟಿನ ಕೆಳಭಾಗ ಪೂರ್ತಿ ರಬ್ಬರಿನದ್ದಾಗಿರಬೇಕು, ಹೊಲಿಗೆಗೆ ನೀರು ತಾಗಬಾರದು. ಒಳಗಿನ ಉಣ್ಣೆಯ ಪದರವನ್ನು ಹೊರತೆಗೆದು ಒಣಗಿಸುವಂತಿರಬೇಕು. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು, ಅದೂ ಕಾಲು ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತು. ಬೆರಳುಗಳು ಒಳಗೆ ಆಡುವಷ್ಟು ಜಾಗ ಬೇಕು, ಬಿಗಿದ ಬೂಟಿನಲ್ಲಿ ರಕ್ತ ಓಡದೆ ಕಾಲು ಮರಗಟ್ಟುತ್ತದೆ. ಇದರಲ್ಲಿ ಅರ್ಧವನ್ನು ಅವಳು ಕಂಪೆನಿಯ ತರಬೇತಿಯಲ್ಲಿ ಕಲಿತಿದ್ದಳು. ಉಳಿದದ್ದನ್ನು ಕಲಿತದ್ದು ಕೆನಡಾ ಸೇರಿದವರು ಅಲ್ಲಿಂದ ಬರೆಯುತ್ತಿದ್ದ ದೂರುಗಳಿಂದ. ದೂರ ಹೋಗುವವರಿಗೆಲ್ಲ ತನ್ನ ಮೊಬೈಲ್ ನಂಬರ್ ಕೊಡುವುದು ಅವಳ ರೂಢಿ.

ಹೆನ್ರಿ ಅಂಕಲ್ ಬೂಟಿನ ಮಾತೆತ್ತಿದ್ದು ಅಕ್ಟೋಬರಿನ ಒಂದು ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಅಹ್ಮದಿಯ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ. ಅವರಿಗೆ ಅರುವತ್ತರ ಮೇಲೆ ವಯಸ್ಸು. ಹಿಂದೆ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದವರು ಈಗ ಜನರನ್ನು ಕೆಲಸಕ್ಕೆ ಕಳಿಸುವ ಕಚೇರಿ ಇಟ್ಟುಕೊಂಡಿದ್ದರು. ಹನ್ನೆರಡು ವರ್ಷಗಳ ಹಿಂದೆ ಪ್ರೀಮಾಳ ಗಂಡ ರೂಬೆನನ ಕಂಪೆನಿ ಮುಚ್ಚಿ, ಇನ್ನು ಊರಿಗೆ ಹೋಗುವುದೇ ಎಂದು ಗಂಡ ಹೆಂಡತಿ ಪೆಟ್ಟಿಗೆ ಕಟ್ಟುತ್ತಿದ್ದಾಗ, ಅವನಿಗೆ ಈಗಿನ ಕೆಲಸ ಕೊಡಿಸಿದವರು ಅವರೇ. ಮಗಳು ಆಲಿವ್‌ಳ ಮೊದಲ ಪರಮಪ್ರಸಾದದ ದಿನ ಮನೆಗೆ ಬಂದು ಊಟ ಮಾಡಿ ಹೋದವರು.

ಯುರೋಪಿನ ಉತ್ತರ ಭಾಗದಲ್ಲಿ ಗೋದಾಮುಗಳಿಗೆ ಜನ ಬೇಕಾಗಿದ್ದಾರೆ, ಇಲ್ಲಿ ವೀಸಾ ಮುಗಿದು ಕಂಗಾಲಾದ ನಮ್ಮೂರಿನ ಹುಡುಗರನ್ನು ಕಳಿಸುತ್ತಿದ್ದೇನೆ ಎಂದು ಅವರು ಹೇಳಿದರು. ಅಲ್ಲಿ ಭಾರಿ ಚಳಿ, ಹುಡುಗರಿಗೆ ಏನೂ ತಿಳಿಯದು, ನಿನ್ನ ಹತ್ತಿರ ಕಳಿಸುತ್ತೇನೆ, ಸರಿಯಾದ ಬೂಟು ನೋಡಿ ಕೊಡು ಎಂದರು. ಪ್ರೀಮಾಳಿಗೆ ಸಂತೋಷವೇ ಆಯಿತು. ತನ್ನ ಕೆಲಸವನ್ನು ಒಬ್ಬ ದೊಡ್ಡ ಮನುಷ್ಯರು ಗುರುತಿಸಿದರು ಎಂದು ಮನೆಗೆ ಹೋಗುವ ದಾರಿಯಲ್ಲಿ ರೂಬೆನನಿಗೆ ಎರಡು ಸಲ ಹೇಳಿದಳು.

ಮೊದಲು ಬಂದವನು ಸುಕೇಶ್. ವಿಟ್ಲದ ಕಡೆಯವನು, ಇಪ್ಪತ್ತೇಳು ವರ್ಷ, ಎ.ಸಿ. ರಿಪೇರಿಯವನು. ಅಬ್ಬಾಸಿಯಾದಲ್ಲಿ ಎಂಟು ಮಂದಿಯ ಒಂದು ಕೋಣೆಯಲ್ಲಿದ್ದ. ಪಾದ ಅಳೆಯುವ ಲೋಹದ ಹಲಗೆಯ ಮೇಲೆ ಕಾಲಿಡುವಾಗ ನಾಚಿಕೊಂಡು, ಇಷ್ಟು ವರ್ಷ ಚಪ್ಪಲಿಯೇ ಸಾಕಾಗಿತ್ತು ಎಂದು ತುಳುವಿನಲ್ಲಿ ನಕ್ಕ. ನಿಲ್ಲುವ ಕೆಲಸವೋ ನಡೆಯುವ ಕೆಲಸವೋ ಎಂದು ಅವಳು ಕೇಳಿದಾಗ, ಲೋಡಿಂಗ್ ಎಂದಿದ್ದಾರೆ, ನಡೆಯುವುದೇ ಇರಬೇಕು ಎಂದ. ಪ್ರೀಮಾ ಅವನಿಗೆ ಕಪ್ಪು ಬಣ್ಣದ, ಮೊಣಕಾಲಿನ ಕೆಳಗಿನವರೆಗೆ ಬರುವ ಜೋಡಿಯೊಂದನ್ನು ಆರಿಸಿ ಕೊಟ್ಟಳು. ಹಿಮ್ಮಡಿಯ ಮೇಲೆ ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿಯ ಬಣ್ಣದ ಪಟ್ಟಿ ಇತ್ತು. ಕತ್ತಲೆಯಲ್ಲಿ ವಾಹನದವರಿಗೆ ಕಾಣುತ್ತದೆ, ಒಳ್ಳೆಯದು ಎಂದು ಅವಳೇ ಹೇಳಿದಳು.

ನವೆಂಬರ್ ಮುಗಿಯುವುದರೊಳಗೆ ಹನ್ನೊಂದು ಮಂದಿ ಬಂದು ಹೋದರು. ಎಲ್ಲರೂ ಹೆನ್ರಿ ಅಂಕಲ್ ಹೆಸರು ಹೇಳಿ ಪ್ರೀಮಾಳನ್ನೇ ಕೇಳಿಕೊಂಡು ಬಂದವರು.

ಡಿಸೆಂಬರ್ ಎರಡನೆಯ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳ ಮೊಬೈಲಿಗೆ ಗುರುತಿಲ್ಲದ ವಿದೇಶಿ ನಂಬರಿನಿಂದ ಕರೆ ಬಂತು. ಕುವೈತಿ ತಾಯಿಯೊಬ್ಬಳು ಮಗುವಿಗೆ ಗುಲಾಬಿ ಬಣ್ಣದ ಬೂಟು ತೊಡಿಸಿ ನೋಡುತ್ತಿದ್ದಳು. ಕೆನಡಾದ ಗಿರಾಕಿ ಇರಬೇಕೆಂದು ಪ್ರೀಮಾ ಕರೆ ತೆಗೆದುಕೊಂಡಳು.

"ಅಕ್ಕ, ನಾನು ಸುಕೇಶ್. ಬೂಟು ತಗೊಂಡು ಹೋದವ. ಒಳಗೆ ಪೂರ್ತಿ ಒದ್ದೆಯಾಗಿದೆ. ಒಣಗಿಸುದು ಹೇಗೆ?"

ರಬ್ಬರು ಹರಿಯಿತೇ ಎಂದು ಅವಳು ಕೇಳಿದಳು. ಹರಿದಿಲ್ಲ, ಮೇಲಿನಿಂದ ನೀರು ಒಳಗೆ ಹೋಯಿತು, ಎರಡು ದಿನದಿಂದ ನೀರಿನಲ್ಲೇ ನಿಂತಿದ್ದೇವೆ ಎಂದ. ಗೋದಾಮಿನಲ್ಲಿ ನೀರು ಹೇಗೆ ಬಂತು ಎಂದು ಅವಳಿಗೆ ಅರ್ಥವಾಗಲಿಲ್ಲ. ಒಳಗಿನ ಪದರ ತೆಗೆದು ಹೀಟರಿನ ಹತ್ತಿರ ಇಡು, ತೀರಾ ಹತ್ತಿರ ಬೇಡ ಎಂದಳು.

"ಹೀಟರ್ ಇಲ್ಲ ಅಕ್ಕ."

"ಹಾಗಾದ್ರೆ ಒಲೆ ಹತ್ರ ಇಡು."

"ಬೆಂಕಿ ಮಾಡ್ಲಿಕ್ಕೆ ಬಿಡುದಿಲ್ಲ. ಬೆಂಕಿ ಕಂಡ್ರೆ ಮೇಲಿಂದ ಬರ್ತದೆ."

"ಎಂತ ಬರ್ತದೆ?"

ಮಾತು ನಿಂತು, ಆ ಕಡೆಯಿಂದ ಅವನ ಉಸಿರು ಮಾತ್ರ ಕೇಳಿತು. ಅದರಾಚೆ ಎಲ್ಲೋ ಎತ್ತರದಲ್ಲಿ ಹೊಲಿಗೆ ಯಂತ್ರ ಓಡಿದಂಥ ಸದ್ದು ಬಂದು ಸ್ವಲ್ಪ ಸ್ವಲ್ಪವಾಗಿ ದೂರವಾಯಿತು. ಅದು ಪೂರ್ತಿ ಹೋದ ಮೇಲೆ ಅವನು ತಗ್ಗಿದ ದನಿಯಲ್ಲಿ ಹೇಳಿದ.

"ಬೂಟಿನದ್ದು ಹೇಳಿ ಅಕ್ಕ. ಬೇಗ."

ಪ್ರೀಮಾ ಹೇಳಿದಳು. ಪದರವನ್ನು ಹೊರತೆಗೆದು ಚೆನ್ನಾಗಿ ಹಿಂಡು, ಅಂಗಿಯ ಒಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೋ, ಮೈಯ ಬಿಸಿಗೆ ಒಣಗುತ್ತದೆ. ಒಣ ಕಾಲುಚೀಲ ಒಂದಾದರೂ ಇದ್ದರೆ ಅದನ್ನು ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ, ಆಮೇಲೆ ಒದ್ದೆ ಬೂಟಿಗೆ ಕಾಲು ಹಾಕು. ಲೇಸು ಬಿಗಿಯಬೇಡ. ನಿಂತಲ್ಲೇ ಬೆರಳು ಆಡಿಸುತ್ತಿರು. ಬ್ರೆಡ್ಡಿನ ಚೀಲ ಉಂಟು, ಅದು ಆದೀತಾ ಎಂದು ಅವನು ಕೇಳಿದ. ಆಗುತ್ತದೆ ಎಂದಳು. ನಂತರವೇ ಅವಳಿಗೆ ಕೇಳಬೇಕಾದದ್ದನ್ನು ಕೇಳಲು ಧೈರ್ಯ ಬಂತು.

"ನಿಂಗೆ ಗೋದಾಮಿನಲ್ಲಿ ಕೆಲಸ ಅಲ್ವಾ ಸುಕೇಶ್?"

"ಗೋದಾಮು ನಾಲ್ಕು ದಿನ ಇತ್ತು. ಆಮೇಲೆ ಯಾವುದೋ ಕಾಗದಕ್ಕೆ ಸೈನ್ ಹಾಕಿಸಿದ್ರು. ನಮಗೆ ಓದ್ಲಿಕ್ಕೆ ಬರುವ ಭಾಷೆ ಅಲ್ಲ. ಮರುದಿನ ಡ್ರೆಸ್ ಕೊಟ್ರು, ಕೋವಿ ಕೊಟ್ರು." ಅವನು ದನಿ ಇನ್ನೂ ತಗ್ಗಿಸಿದ. "ಊರಲ್ಲಿ ಯಾರಿಗೂ ಹೇಳ್ಬೇಡಿ. ಅಮ್ಮನಿಗೆ ಆಗುದಿಲ್ಲ."

ಕರೆ ಕಡಿಯಿತು. ಕುವೈತಿ ತಾಯಿ ಮಗುವಿನ ಬೂಟನ್ನು ಎತ್ತಿ ಹಿಡಿದು, ಇದರಲ್ಲಿ ಇನ್ನೊಂದು ಅಳತೆ ಇದೆಯೇ ಎಂದು ಮೂರನೆಯ ಸಲ ಕೇಳುತ್ತಿದ್ದಳು.

ಸಂಜೆ ಒಂದು ಫೋಟೋ ಬಂತು. ಬಹುಶಃ ಸರಿಯಾಗಿ ಮಾಡಿದ್ದೇನೆಯೇ ನೋಡಿ ಎಂದು ಕಳಿಸಿದ್ದು. ಮಣ್ಣು ಅಗೆದ ಗುಂಡಿಯಲ್ಲಿ ಹಲಗೆಯ ಮೇಲೆ ಎರಡು ಬೂಟುಗಳು, ಪಕ್ಕದಲ್ಲಿ ಹಿಂಡಿದ ಪದರ, ಸುಕೇಶನ ಮಣಿಕಟ್ಟು, ಅದರಲ್ಲಿ ಕೆಂಪು ಕಪ್ಪು ಹೆಣೆದ ದಾರ. ಹಿಮ್ಮಡಿಯ ಹೊಳೆಯುವ ಪಟ್ಟಿಯ ಮೇಲೆ ಕಪ್ಪು ಟೇಪು ಸುತ್ತಿತ್ತು. ಪ್ರೀಮಾ ಆ ಟೇಪನ್ನೇ ಬಹಳ ಹೊತ್ತು ನೋಡಿದಳು.

ಮನೆಯಲ್ಲಿ ಮಗಳಿಗೆ ಆ ನಂಬರು ತೋರಿಸಿ, ಇದು ಯಾವ ದೇಶದ್ದು ನೋಡು ಎಂದಳು. ಆಲಿವ್‌ಗೆ ಹದಿನಾರು; ಕನ್ನಡ, ಕೊಂಕಣಿ ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಎರಡು ನಿಮಿಷ ಹುಡುಕಿ ತಲೆ ಎತ್ತಿದಳು. "ಮಮ್ಮಿ, ದೇರ್ ಈಸ್ ಎ ವಾರ್ ದೇರ್," ಎಂದಳು. ಬೆಂಕಿ ಕಂಡರೆ ಮೇಲಿಂದ ಏನು ಬರುತ್ತದೆ ಎಂದು ಕೇಳಿದ್ದಕ್ಕೆ, "ಡ್ರೋನ್ಸ್," ಎಂದಳು.

ರೂಬೆನ್ ಎಲ್ಲವನ್ನೂ ಕೇಳಿಸಿಕೊಂಡ. ಹುಡುಗ ಸುಳ್ಳು ಹೇಳುತ್ತಿರಬಹುದು, ಕೆಲಸ ಬಿಟ್ಟು ಓಡಿ ಎಲ್ಲೋ ಸಿಕ್ಕಿಬಿದ್ದಿರಬಹುದು ಎಂದ. ಮರುದಿನ ತಾನೇ ಹೆನ್ರಿ ಅಂಕಲ್‌ಗೆ ಫೋನ್ ಮಾಡಿದ. ಅವರೂ ಹೆಚ್ಚುಕಡಿಮೆ ಅದೇ ಮಾತು ಹೇಳಿದರಂತೆ. ಅದನ್ನು ಹೆಂಡತಿಗೆ ಹೇಳುವಾಗ ರೂಬೆನ್ ಅವಳ ಮುಖ ನೋಡಲಿಲ್ಲ. ಅವನ ಇಕಾಮಾ, ಇಲ್ಲಿ ಇದ್ದು ದುಡಿಯುವ ಪರವಾನಗಿ, ಫೆಬ್ರವರಿಯಲ್ಲಿ ಮುಗಿಯುವುದಿತ್ತು, ಆಲಿವ್‌ಗೆ ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ನಾವು ಸುಮ್ಮನಿರೋಣ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ.

ಪ್ರೀಮಾ ನಾಲ್ಕು ದಿನ ಸುಮ್ಮನಿದ್ದಳು. ಪ್ರತಿದಿನ ಹಿಮದ ವಿಭಾಗದ ಬಾಗಿಲ ಕಡೆ ನೋಡುತ್ತ, ಯಾರೂ ಬಾರದಿರಲಿ ಎಂದುಕೊಳ್ಳುತ್ತಿದ್ದಳು.

ಐದನೆಯ ದಿನ ಬಂದವನು ಅಝರುದ್ದೀನ್. ಉಪ್ಪಿನಂಗಡಿಯ ಬ್ಯಾರಿ ಹುಡುಗ, ಇಪ್ಪತ್ತನಾಲ್ಕು ವರ್ಷ. ಬೈಕಿನಲ್ಲಿ ಊಟ ತಲುಪಿಸುವ ಕೆಲಸದಲ್ಲಿದ್ದ, ಆ ಕಂಪೆನಿ ಎರಡು ತಿಂಗಳ ಹಿಂದೆ ಬಾಗಿಲು ಹಾಕಿತ್ತು. ಅವನು ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದ. ಅಡುಗೆ ಸಹಾಯಕನ ಕೆಲಸಕ್ಕೆ ಎಂದು ಮೇಲೆ ಬರೆದಿತ್ತು. ಕೆಳಗೆ ಬೇಕಾದ ವಸ್ತುಗಳು: ಬೆಚ್ಚಗಿನ ಒಳಉಡುಪು ಎರಡು ಜೊತೆ, ಉಣ್ಣೆಯ ಕಾಲುಚೀಲ ಆರು ಜೊತೆ, ಟೇಪು, ಗಾಯಕ್ಕೆ ಕಟ್ಟುವ ಬಟ್ಟೆ. ಬೂಟಿನ ಮುಂದೆ ಹೀಗಿತ್ತು: ಕಪ್ಪು ಅಥವಾ ಹಸಿರು, ನೀರಿನಲ್ಲಿ ನಿಲ್ಲಲು ಆಗುವಂಥದ್ದು, ಎತ್ತರದ್ದು, ಹೊಳೆಯುವ ಪಟ್ಟಿ ಇರಬಾರದು.

"ಹೊಳೆಯುವ ಪಟ್ಟಿ ಯಾಕೆ ಬೇಡ ಅಂತ ಕೇಳಿದ್ರಾ?" ಎಂದು ಪ್ರೀಮಾ ಕೇಳಿದಳು.

ಕೇಳಿಲ್ಲ, ಇದ್ದರೆ ಕತ್ತರಿಸಿ ತೆಗೆಯಿರಿ ಎಂದಿದ್ದಾರೆ ಎಂದ. ಅಷ್ಟರಲ್ಲಿ ಅವನೇ ಒಂದು ಜೋಡಿ ಆರಿಸಿ ಬಲಗಾಲಿಗೆ ಹಾಕಿಕೊಂಡಿದ್ದ. ಚೆನ್ನಾಗಿತ್ತು, ಅವಳಾದರೂ ಅದನ್ನೇ ಆರಿಸುತ್ತಿದ್ದಳು. ಪ್ರೀಮಾ ಅವನ ಎದುರಿನ ಸಣ್ಣ ಸ್ಟೂಲಿನ ಮೇಲೆ ಕೂತು, ಇದನ್ನು ನಿನಗೆ ಮಾರುವುದಿಲ್ಲ ಎಂದಳು. ಸುಕೇಶನ ಕರೆಯ ವಿಷಯ ಹೇಳಿದಳು. ನೀರು, ಕಾಗದ, ಕೋವಿ, ಬೆಂಕಿ ಹಚ್ಚಬಾರದ ಗುಂಡಿ, ಒಂದನ್ನೂ ಬಿಡದೆ ಹೇಳಿದಳು.

ಅಝರುದ್ದೀನನಿಗೆ ಸಿಟ್ಟು ಬಂತು. ಸುಕೇಶ್ ತನ್ನದೇ ಕೋಣೆಯವನು, ದೊಡ್ಡ ಗೋದಾಮಿನ ಮುಂದೆ ನಿಂತ ಫೋಟೋವನ್ನು ಅವನೇ ಕಳಿಸಿದ್ದಾನೆ ಎಂದ.

"ಅವನಿಗೆ ಕೊಟ್ಟಿದ್ದೀರಲ್ಲ ಅಕ್ಕ. ನನಗೆ ಯಾಕೆ ಇಲ್ಲ?"

ಮುಂದಿನ ಗುರುವಾರ ನನಗೆ ವಿಮಾನ, ಏಳು ಮಂದಿ ಹೊರಟಿದ್ದೇವೆ, ಇಲ್ಲಿ ಸಿಗದಿದ್ದರೆ ಸೂಕ್‌ನಲ್ಲಿ, ಪೇಟೆಯ ಅಗ್ಗದ ಅಂಗಡಿಗಳಲ್ಲಿ, ತೆಗೆದುಕೊಳ್ಳುತ್ತೇನೆ ಎಂದು ಅವನು ಬೂಟು ಕಳಚಿಟ್ಟು ಎದ್ದುಹೋದ. ಪ್ರೀಮಾ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಯಾರಿಗೂ ಹೇಳದೆ ಅಂಗಡಿ ಬಿಟ್ಟು ಹೊರಟಳು. ಮಾಲ್‌ನ ಹೊರಗೆ ಬಸ್ ನಿಲ್ಲುವಲ್ಲಿ ಅವನನ್ನು ಹಿಡಿದು, ಮೊಬೈಲು ತೆರೆದು ಆ ಫೋಟೋ ಅವನ ಕೈಗೆ ಕೊಟ್ಟಳು.

ಅವನು ಬೂಟು ನೋಡಲಿಲ್ಲ. ಮಣಿಕಟ್ಟಿನ ದಾರವನ್ನು ದೊಡ್ಡದು ಮಾಡಿ ನೋಡಿದ. ಅಬ್ಬಾಸಿಯಾದ ಕೋಣೆಯಲ್ಲಿ ಸುಕೇಶ್ ಸ್ನಾನ ಮಾಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ, ಅದರ ಮೇಲೆ ನಾವು ತಮಾಷೆ ಮಾಡುತ್ತಿದ್ದೆವು ಎಂದ. ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು.

"ಒಂಬತ್ತು ದಿನದಲ್ಲಿ ನನ್ನ ಇಕಾಮಾ ಮುಗಿತದೆ," ಎಂದ ಕೊನೆಗೆ. "ಮನೆಯಲ್ಲಿ ನಾನು ಆಗ್ಲೇ ಯುರೋಪಲ್ಲಿ ಇದ್ದೇನೆ ಅಂತ ಹೇಳಿ ಆಗಿದೆ. ಎಂತ ಮಾಡುದು ಹೇಳಿ."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ದೂತಾವಾಸದ ಗೇಟಿಗೆ ಬಾ, ಆ ಪಟ್ಟಿ ತೆಗೆದುಕೊಂಡು ಬಾ, ನಾನೂ ಬರುತ್ತೇನೆ ಎಂದು ಪ್ರೀಮಾ ಹೇಳಿದಳು. ಅವನು ಬರುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಹೆನ್ರಿ ಅಂಕಲ್ ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಕೈಯಲ್ಲಿ ಬೇಕರಿಯ ಚೀಲ. ಆಲಿವ್‌ಗೆ ಎಂದು ಅದನ್ನು ಕೌಂಟರಿನ ಮೇಲಿಟ್ಟರು. ಆಮೇಲೆ ಅಳತೆಯ ಬೆಂಚಿನ ಮೇಲೆ ಕೂತು, ನನಗೂ ಒಂದು ಜೋಡಿ ತೋರಿಸು, ಹುಡುಗರಿಗೆ ಕೊಡುವಂಥದ್ದೇ ಎಂದರು.

ಪ್ರೀಮಾ ಡಬ್ಬಿ ತಂದಳು. ಅವರ ಕಾಲ ಬಳಿ ಮಂಡಿಯೂರಿ ಕೂತು ಅವರ ಚಪ್ಪಲಿ ತೆಗೆದು, ದಪ್ಪ ಕಾಲುಚೀಲ ತೊಡಿಸಿ, ಬೂಟು ಏರಿಸಿದಳು. ಅವರು ಅವಳ ತಲೆಯ ಮೇಲಿನಿಂದ ಕೊಂಕಣಿಯಲ್ಲಿ ಮೆಲ್ಲಗೆ ಮಾತಾಡಿದರು. ಮೊನ್ನೆ ಒಬ್ಬ ಹುಡುಗ ಇಲ್ಲಿಂದ ಖಾಲಿ ಕೈಯಲ್ಲಿ ಬಂದನಂತೆ, ಯಾಕೆಂದು ತಿಳಿಯಲಿಲ್ಲ ಎಂದರು. ರೂಬೆನನ ಮ್ಯಾನೇಜರ್ ಹೋದ ವಾರ ಸಿಕ್ಕಿದ್ದರು, ಅವನ ಇಕಾಮಾ ಹೊಸದು ಮಾಡುವ ಮಾತು ಬಂತು, ನಾನು ಅವನ ಬಗ್ಗೆ ಒಳ್ಳೆಯದನ್ನೇ ಹೇಳಿದ್ದೇನೆ ಎಂದರು.

"ಸ್ವಲ್ಪ ಬಿಗಿ ಆಯ್ತು ಬಾಯೆ. ಸಡಿಲ ಮಾಡು."

ಅವಳು ಲೇಸು ಸಡಿಲಿಸಿದಳು. ಬೆರಳಿನ ತುದಿಯಲ್ಲಿ ಜಾಗ ಇದೆಯೇ ಎಂದು ಅಭ್ಯಾಸಬಲದಿಂದ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ತಲೆ ಎತ್ತದೆಯೇ ಕೇಳಿದಳು.

"ಸುಕೇಶ್ ಎಲ್ಲಿದ್ದಾನೆ ಅಂಕಲ್?"

"ಯಾವ ಸುಕೇಶ್?" ಎಂದರು ಅವರು. ದನಿ ಸ್ವಲ್ಪವೂ ಏರಲಿಲ್ಲ. "ನಾನು ಟಿಕೆಟ್ ಮಾಡಿಸುವವ. ಇಳಿದ ಮೇಲೆ ಅವರವರ ಹಣೆಬರಹ. ನೀನು ಬೂಟು ಮಾರುವವಳು. ನಾನು ನಿನ್ನ ಕೆಲಸಕ್ಕೆ ಬರುವುದಿಲ್ಲ, ನೀನು ನನ್ನ ಕೆಲಸಕ್ಕೆ ಬರಬೇಡ. ಹನ್ನೆರಡು ವರ್ಷ ಆಯ್ತಲ್ಲ, ನಿಮ್ಮನ್ನು ನಾನು ಮನೆಯವರ ಹಾಗೇ ನೋಡಿದ್ದು."

ಅವರು ಎದ್ದು ಕನ್ನಡಿಯವರೆಗೆ ನಡೆದು ಹೋಗಿ, ಕಾಲನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡರು. ಚೆನ್ನಾಗಿದೆ ಎಂದರು. ಮತ್ತೆ ಕೂತು ಎರಡೂ ಕಾಲು ಮುಂದೆ ಚಾಚಿದರು. ಪ್ರೀಮಾ ಬೂಟು ಕಳಚಿದಳು. ಹೋಗುವಾಗ ಅವಳ ಭುಜ ತಟ್ಟಿ, ಕ್ರಿಸ್‌ಮಸ್‌ಗೆ ಮೂವರೂ ಮನೆಗೆ ಬನ್ನಿ ಎಂದರು. ಬೂಟುಗಳನ್ನು ಡಬ್ಬಿಗೆ ಹಾಕುವಾಗ ಒಳಪದರ ಇನ್ನೂ ಅವರ ಕಾಲಿನ ಬಿಸಿಯಿಂದ ಬೆಚ್ಚಗಿತ್ತು.

ಮನೆಗೆ ಬಂದು ಬೇಕರಿಯ ಚೀಲವನ್ನು ಮೇಜಿನ ಮೇಲಿಟ್ಟು, ಯಾರು ಕೊಟ್ಟದ್ದೆಂದು ರೂಬೆನನಿಗೆ ಹೇಳಿದಳು. ಅವರು ಆಡಿದ ಮಾತನ್ನೂ ಹೇಳಿದಳು. ಆ ಚೀಲವನ್ನು ಯಾರೂ ತೆರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ತಯಾರಾಗಿ ಕೋಣೆಯಿಂದ ಹೊರಬಂದಾಗ ರೂಬೆನ್ ಕೆಲಸಕ್ಕೆ ಹೋಗಿರಲಿಲ್ಲ. ಕಾರಿನ ಕೀಲಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದ.

"ಹೊರಡು, ನಾನು ಬಿಡ್ತೇನೆ," ಎಂದ.

ದಾರಿಯುದ್ದಕ್ಕೂ ಮರಳು ಮುಸುಕಿ ಆಕಾಶ ಹಳದಿಯಾಗಿತ್ತು, ಮುಂದಿನ ಕಾರುಗಳೆಲ್ಲ ಹಗಲಿನಲ್ಲೇ ದೀಪ ಹಾಕಿಕೊಂಡಿದ್ದವು. ದೂತಾವಾಸದ ಗೇಟಿನ ಹತ್ತಿರ ಒಂಬತ್ತಕ್ಕೆ ಅಝರುದ್ದೀನ್ ಇರಲಿಲ್ಲ. ಒಂಬತ್ತೂಕಾಲಾಯಿತು, ಒಂಬತ್ತೂವರೆಯಾಯಿತು. ರೂಬೆನ್ ಕಾರು ಬದಿಗೆ ನಿಲ್ಲಿಸಿ ಬಂದು ಅವಳ ಪಕ್ಕ ನಿಂತ. ಹತ್ತಕ್ಕೆ ಸ್ವಲ್ಪ ಇರುವಾಗ ಟ್ಯಾಕ್ಸಿಯಿಂದ ಅಝರುದ್ದೀನ್ ಇಳಿದ. ಅವನ ಜೊತೆ ಅದೇ ಕೋಣೆಯ ಇಬ್ಬರು ಇದ್ದರು. ಅವರಲ್ಲೊಬ್ಬ ಸೂಕ್‌ನಲ್ಲಿ ಕೊಂಡ ಹೊಸ ಬೂಟು ಹಾಕಿಕೊಂಡೇ ಬಂದಿದ್ದ, ಚೀಲದಲ್ಲಿ ಜಾಗ ಇರಲಿಲ್ಲವಂತೆ. ಪ್ರೀಮಾಳ ಕಣ್ಣು ತಾನಾಗಿ ಕೆಳಗೆ ಹೋಯಿತು. ಅಟ್ಟೆಯನ್ನು ಬರೀ ಅಂಟಿನಿಂದ ಹಚ್ಚಿದ್ದರು, ಪಕ್ಕದ ಹೊಲಿಗೆ ನೆಲಕ್ಕೆ ಎರಡು ಬೆರಳಿನಷ್ಟು ಹತ್ತಿರವಿತ್ತು. ಒಂದೇ ದಿನ ನೀರಿನಲ್ಲಿ ನಿಂತರೆ ಅದು ಬಾಯಿ ಬಿಡುತ್ತಿತ್ತು.

ಒಳಗೆ ಒಬ್ಬ ಅಧಿಕಾರಿ ಎರಡು ಗಂಟೆ ಕೂತು ಎಲ್ಲವನ್ನೂ ಬರೆದುಕೊಂಡರು. ಪಟ್ಟಿ, ಫೋಟೋ, ಸುಕೇಶ್ ಕರೆ ಮಾಡಿದ ನಂಬರು, ಹನ್ನೊಂದು ಮಂದಿಯಲ್ಲಿ ಅವಳಿಗೆ ನೆನಪಿದ್ದವರ ಹೆಸರು ಎಲ್ಲ ತೆಗೆದುಕೊಂಡರು. ಅವನು ಮತ್ತೆ ಕರೆ ಮಾಡಿದರೆ ಹೊತ್ತು ಬರೆದಿಟ್ಟು ತಿಳಿಸಬೇಕು ಎಂದರು. ಆ ಮೂವರು ಹತ್ತು ದಿನಗಳೊಳಗೆ ಊರು ಸೇರಿದರು. ಏಳು ಮಂದಿಯಲ್ಲಿ ಉಳಿದ ನಾಲ್ವರಿಗೆ ಅಝರುದ್ದೀನ್ ಫೋನ್ ಮಾಡಿ ಫೋಟೋ ಕಳಿಸಿದ, ಅಧಿಕಾರಿಯೂ ಕರೆ ಮಾಡಿದರು. ಅವರು ನಂಬಲಿಲ್ಲ, ಅಥವಾ ನಂಬಿಯೂ ಬೇರೆ ದಾರಿ ಕಾಣಲಿಲ್ಲ. ಗುರುವಾರ ಹೋದರು.

ಕ್ರಿಸ್‌ಮಸ್‌ಗೆ ಮೊದಲೇ ಹೆನ್ರಿ ಅಂಕಲ್ ಅವರ ಕಚೇರಿಗೆ ಬೀಗ ಬಿತ್ತು. ಮಗಳ ಮನೆಗೆ ಹೋಗಿದ್ದಾರೆ ಎಂದು ಅವರ ಹೆಂಡತಿ ಚರ್ಚಿನಲ್ಲಿ ಹೇಳುತ್ತಿದ್ದರಂತೆ. ಮಗಳ ಮನೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಪ್ರೀಮಾ ಕೂತ ಬೆಂಚಿನಲ್ಲಿ ಎರಡು ಕುಟುಂಬಗಳು ಈಗ ಕೂರುತ್ತಿರಲಿಲ್ಲ. ಹುಡುಗರ ಬದುಕಿಗೆ ಅಡ್ಡ ಬಂದವಳು ಎಂದು ಯಾರೋ ಹೇಳಿದ್ದು ಅವಳ ಕಿವಿಗೂ ಬಿತ್ತು. ಫೆಬ್ರವರಿಯಲ್ಲಿ ರೂಬೆನನ ಇಕಾಮಾ ಹೊಸದಾಗಲಿಲ್ಲ. ಕಾರಣ ಏನೆಂದು ಕೇಳಿದ್ದಕ್ಕೆ ಮ್ಯಾನೇಜರ್ ಕಾಗದಗಳ ಮೇಲಿಂದ ತಲೆ ಎತ್ತದೆ, "ಖಲಾಸ್," ಎಂದರಂತೆ. ಆಲಿವ್‌ಳ ಪರೀಕ್ಷೆ ಮುಗಿಯುವವರೆಗೆ ಹೇಗೋ ಅವಧಿ ಪಡೆದುಕೊಂಡರು. ಏಪ್ರಿಲ್‌ನಲ್ಲಿ ಕಿನ್ನಿಗೋಳಿಗೆ ಹೊರಡುವುದೆಂದಾಯಿತು.

ಜನವರಿಯಲ್ಲಿ ಸುಕೇಶ್ ಇನ್ನೊಂದು ಸಲ ಕರೆ ಮಾಡಿದ್ದ. ಎಡಗಾಲಿನ ಮೂರು ಬೆರಳು ಬಿಳಿಯಾಗಿವೆ, ಮುಟ್ಟಿದರೆ ಗೊತ್ತಾಗುವುದಿಲ್ಲ, ತಿಕ್ಕಬೇಕೇ ಎಂದು ಕೇಳಿದ. ತಿಕ್ಕಬೇಡ, ಯಾರದ್ದಾದರೂ ಹೊಟ್ಟೆಗೆ ಕಾಲಿಟ್ಟು ಬೆಚ್ಚಗೆ ಮಾಡು ಎಂದಳು. ಯಾರದ್ದು ಎಂದು ಅವನು ಕೇಳಿದ. ಜೊತೆಯಲ್ಲಿದ್ದ ಇಬ್ಬರು ಈಗ ಇಲ್ಲ ಎಂದ. ದೂತಾವಾಸಕ್ಕೆ ತಿಳಿಸಿದ್ದೇನೆ, ನಿನ್ನ ಹೆಸರು ಕೊಟ್ಟಿದ್ದೇನೆ ಎಂದು ಅವಳು ಹೇಳುತ್ತಿರುವಾಗ ಕರೆ ಕಡಿಯಿತು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಆ ನಂಬರಿಗೆ ಕರೆ ಮಾಡುತ್ತಿದ್ದಳು. ಎರಡು ತಿಂಗಳು ಅದು ಸ್ವಿಚ್ ಆಫ್ ಆಗಿಯೇ ಇತ್ತು. ಮಾರ್ಚ್ ಕೊನೆಯಲ್ಲಿ ಒಂದು ದಿನ ರಿಂಗ್ ಆಯಿತು. ಯಾರೋ ತೆಗೆದುಕೊಂಡರು. ವಯಸ್ಸಾದ ಗಂಡಸಿನ ದನಿ, ತಿಳಿಯದ ಭಾಷೆ.

"ಸುಕೇಶ್," ಎಂದಳು ಪ್ರೀಮಾ. "ಸುಕೇಶ್. ಇಂಡಿಯಾ."

ಆ ಮನುಷ್ಯ ಹೆಸರನ್ನು ತಪ್ಪುತಪ್ಪಾಗಿ ತಾನೂ ಒಮ್ಮೆ ಹೇಳಿದ. ಪಕ್ಕದಲ್ಲಿದ್ದ ಯಾರಿಗೋ ಏನೋ ಕೇಳಿದ. ಆ ಕಡೆ ಒಬ್ಬರು ಕೆಮ್ಮಿದರು. ಆಮೇಲೆ ಫೋನ್ ಇಟ್ಟುಬಿಟ್ಟರು. ಮತ್ತೆ ಮಾಡಿದಾಗ ಅದು ಸ್ವಿಚ್ ಆಫ್ ಆಗಿತ್ತು.

ಅವಳು ಹೊತ್ತು ಬರೆದು ದೂತಾವಾಸದ ಅಧಿಕಾರಿಗೆ ಕಳಿಸಿದಳು. ಸುಕೇಶನ ಮನೆಯವರಿಗೆ ಡಿಸೆಂಬರಿನಲ್ಲೇ ತಿಳಿಸಿದ್ದೇವೆ ಎಂದು ಅವರು ಮೊದಲೇ ಹೇಳಿದ್ದರು. ಸುಕೇಶನ ತಾಯಿಯ ನಂಬರು ಅಝರುದ್ದೀನ್ ಊರಿನಿಂದ ಕಳಿಸಿ ವಾರಗಳಾಗಿದ್ದವು, ಪ್ರೀಮಾ ಅದಕ್ಕೆ ಕರೆ ಮಾಡಿರಲಿಲ್ಲ. ಆ ದಿನ ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ, ಡಬ್ಬಿಗಳ ನಡುವೆ ಕೂತು ಮಾಡಿದಳು. ಆ ತಾಯಿ ಮೊದಲು ಗಾಬರಿಯಾದರು. ತಾನು ಯಾರೆಂದು ಹೇಳಿ, ಅವನು ತನ್ನ ಹತ್ತಿರ ಬೂಟು ಕೊಂಡದ್ದನ್ನು, ಎರಡು ಸಲ ಮಾತಾಡಿದ್ದನ್ನು, ಈವತ್ತಿನ ಕರೆಯನ್ನು, ಎಲ್ಲವನ್ನೂ ಪ್ರೀಮಾ ಇದ್ದದ್ದು ಇದ್ದ ಹಾಗೆ ತುಳುವಿನಲ್ಲಿ ಹೇಳಿದಳು. ಬೆರಳಿನ ವಿಷಯವನ್ನೂ ಮುಚ್ಚಿಡಲಿಲ್ಲ.

ತಾಯಿ ಅಳಲಿಲ್ಲ. ಅಲ್ಲಿ ಬಹಳ ಚಳಿಯೇ ಎಂದು ಕೇಳಿದರು. ಹೌದು ಎಂದಳು.

"ನೀವು ಅವನಿಗೆ ಒಳ್ಳೆದೇ ಕೊಟ್ಟದ್ದಲ್ವಾ?"

"ನನ್ನ ಹತ್ತಿರ ಇದ್ದದ್ದರಲ್ಲಿ ಒಳ್ಳೆದನ್ನೇ ಕೊಟ್ಟದ್ದು ಅಮ್ಮ."

ಅದಾದ ಮೇಲೆ ಬಹಳ ಹೊತ್ತಿನವರೆಗೆ ಇಬ್ಬರೂ ಫೋನ್ ಇಡಲಿಲ್ಲ.